ಚಲನೆಯೇ ಮದ್ದು

ತುಂಬಿದ ಕೊಡವನ್ನು ಎತ್ತಲು ಬಗ್ಗಿದ ಗೃಹಿಣಿಗೆ, ಗೊಬ್ಬರದ ಪುಟ್ಟಿಯನ್ನು ತಲೆಗೇರಿಸುತ್ತಿದ್ದ ರೈತನಿಗೆ, ಹಗಲೆಲ್ಲ ಕುರ್ಚಿಯಲ್ಲಿ ಕುಳಿತು ಲೆಕ್ಕ ಬರೆದ ಗುಮಾಸ್ತನಿಗೆ ಒಂದಲ್ಲ ಒಂದು ದಿನ ಫಕ್ಕನೆ ಸೊಂಟ ಹಿಡಿದುಕೊಳ್ಳುತ್ತದೆ. ನೆಟ್ಟಗೆ ನಿಲ್ಲಲಾಗದು, ಬಗ್ಗಲಾಗದು, ಮಗ್ಗುಲು ಬದಲಿಸಿದರೂ ಪ್ರಾಣ ಹೋದಂತಾಗುವುದು. ಮನೆಯ ಹಿರಿಯರು ಒಡನೆಯೇ ಹಾಸಿಗೆ ಹಾಸುತ್ತಾರೆ. "ಅಲುಗಾಡಬೇಡ, ಸುಮ್ಮನೆ ಮಲಗಿಕೋ. ನೋವು ತಾನಾಗಿ ಇಳಿಯುತ್ತದೆ" ಎನ್ನುತ್ತಾರೆ. ಈ ಮಾತಿನ ಹಿಂದೆ ಪ್ರೀತಿಯಿದೆ, ಕಾಳಜಿಯಿದೆ, ತಲೆಮಾರುಗಳ ನಂಬಿಕೆಯಿದೆ. ಆದರೆ ಅದರಲ್ಲಿ ಸತ್ಯವೆಷ್ಟು? ಈ ಪ್ರಶ್ನೆಯನ್ನು ಕೇಳಿಕೊಳ್ಳಲು ವೈದ್ಯಲೋಕಕ್ಕೂ ಬಹುಕಾಲ ಹಿಡಿಯಿತು.

ಸೊಂಟ, ಬೆನ್ನು, ಮಂಡಿ, ಕುತ್ತಿಗೆ, ಹೆಗಲು ಇವುಗಳ ನೋವು ಸಾಮಾನ್ಯವಾಗಿ ಪ್ರಾಣವನ್ನು ತೆಗೆಯುವುದಿಲ್ಲ. ಆದರೆ ಅದು ಮನುಷ್ಯನ ದುಡಿಮೆಯನ್ನೂ ನಿದ್ರೆಯನ್ನೂ ನೆಮ್ಮದಿಯನ್ನೂ ಕಸಿದುಕೊಳ್ಳುತ್ತದೆ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61 ಕೋಟಿ 90 ಲಕ್ಷ ಜನರು ಸೊಂಟನೋವಿನಿಂದ ಬಳಲುತ್ತಿದ್ದರೆಂದು ಅಂದಾಜು ಮಾಡಲಾಗಿದೆ. ಜನರನ್ನು ಕೆಲಸಕ್ಕೆ ಅಶಕ್ತರನ್ನಾಗಿ ಮಾಡುವ ಕಾರಣಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಇಷ್ಟು ಮಂದಿಯನ್ನು ಕಾಡುವ ಬಾಧೆಗೆ ತಪ್ಪು ಮದ್ದನ್ನು ಕೊಟ್ಟರೆ ಆಗುವ ಹಾನಿಯೂ ಅಷ್ಟೇ ದೊಡ್ಡದಲ್ಲವೇ?

ಹತ್ತೊಂಬತ್ತನೆಯ ಶತಮಾನದ ಯುರೋಪಿನ ವೈದ್ಯರು ನೋವಿಗೆ ವಿಶ್ರಾಂತಿಯೇ ಪರಮೌಷಧವೆಂದು ಭಾವಿಸಿದ್ದರು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ ಎಂಬಾತನು ವಿಶ್ರಾಂತಿಯ ಗುಣಗಳನ್ನು ಕುರಿತು ನೀಡಿದ ಉಪನ್ಯಾಸಗಳು 1863ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಮುರಿದ ಮೂಳೆಗೆ, ಕೀವುಗಟ್ಟಿದ ಕೀಲಿಗೆ ವಿಶ್ರಾಂತಿ ಬೇಕೆಂಬುದು ಸರಿಯಾದ ಮಾತೇ. ಆದರೆ ಕ್ರಮೇಣ ಆ ಮಾತು ಎಲ್ಲ ನೋವುಗಳಿಗೂ ಅನ್ವಯವಾಗತೊಡಗಿತು. ಸೊಂಟ ಹಿಡಿದವನು ವಾರಗಟ್ಟಲೆ ಹಲಗೆಯ ಮೇಲೆ ಮಲಗಬೇಕಾಯಿತು. ಹೆತ್ತ ತಾಯಿ, ಹೃದ್ರೋಗಿ, ಶಸ್ತ್ರಚಿಕಿತ್ಸೆಗೆ ಒಳಗಾದವನು, ಎಲ್ಲರೂ ಹಾಸಿಗೆಗೆ ಅಂಟಿಕೊಂಡರು. ಮಲಗಿದವರಲ್ಲಿ ಬಹುಮಂದಿ ಕಾಲಕ್ರಮದಲ್ಲಿ ಗುಣಹೊಂದುತ್ತಿದ್ದುದರಿಂದ, ಹಾಸಿಗೆಯೇ ಗುಣಪಡಿಸಿತೆಂದು ಎಲ್ಲರೂ ನಂಬಿದರು. ಮಲಗದಿದ್ದರೆ ಇನ್ನೂ ಬೇಗ ಗುಣವಾಗುತ್ತಿತ್ತೋ ಏನೋ ಎಂದು ಯಾರೂ ಪರೀಕ್ಷಿಸಿರಲಿಲ್ಲ.

1947ರಲ್ಲಿ ರಿಚರ್ಡ್ ಆಷರ್ ಎಂಬ ಆಂಗ್ಲ ವೈದ್ಯನು ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಕುರಿತು ಒಂದು ಲೇಖನವನ್ನು ಬರೆದನು. ಬಹುಕಾಲ ಮಲಗಿದವನ ಸ್ನಾಯುಗಳು ಕರಗುತ್ತವೆ, ಕೀಲುಗಳು ಬಿಗಿಯುತ್ತವೆ, ರಕ್ತ ಹೆಪ್ಪುಗಟ್ಟುತ್ತದೆ, ಕೊನೆಗೆ ಮನಸ್ಸೂ ಕುಗ್ಗುತ್ತದೆ ಎಂದು ಆತನು ಎಚ್ಚರಿಸಿದನು. ಆದರೆ ಎಚ್ಚರಿಕೆ ಬೇರೆ, ಪ್ರಮಾಣ ಬೇರೆ. ಒಂದು ನಂಬಿಕೆಯನ್ನು ಅಲುಗಿಸಬೇಕಾದರೆ ಎಲ್ಲರೂ ಒಪ್ಪುವಂತಹ ಪ್ರಯೋಗ ನಡೆಯಬೇಕು.

ಅಂತಹ ಪ್ರಯೋಗವೊಂದನ್ನು ಅಮೆರಿಕದ ವೈದ್ಯ ರಿಚರ್ಡ್ ಡೇಯೋ ಮತ್ತು ಅವರ ಸಂಗಡಿಗರು 1986ರಲ್ಲಿ ಪ್ರಕಟಿಸಿದರು. ಸೊಂಟನೋವೆಂದು ಬಂದ 203 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಏಳು ದಿನ, ಮತ್ತೊಂದಕ್ಕೆ ಎರಡೇ ದಿನ ಮಲಗಿರಲು ಹೇಳಿದರು. ಏಳು ದಿನಗಳ ಗುಂಪಿಗೆ ಯಾವ ಹೆಚ್ಚಿನ ಲಾಭವೂ ದೊರೆಯಲಿಲ್ಲ. ಎರಡು ದಿನಗಳ ಗುಂಪಿನವರು ಅವರಿಗಿಂತ ಶೇಕಡಾ 45ರಷ್ಟು ಕಡಿಮೆ ದಿನಗಳ ಕೆಲಸವನ್ನು ಕಳೆದುಕೊಂಡಿದ್ದರು.

ಹಾಗಾದರೆ ಆ ಎರಡು ದಿನಗಳಾದರೂ ಮಲಗುವ ಅಗತ್ಯವಿದೆಯೇ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಫಿನ್ಲೆಂಡ್ ದೇಶದ ಹೆಲ್ಸಿಂಕಿ ನಗರದಲ್ಲಿ. ಅಲ್ಲಿನ ನಗರಾಡಳಿತದ ನೌಕರರಲ್ಲಿ ಹೊಸದಾಗಿ ಸೊಂಟನೋವು ಬಂದ 186 ಮಂದಿಯನ್ನು ಸಂಶೋಧಕರು ಆರಿಸಿಕೊಂಡರು. ಈ ಬಾರಿಯೂ ಯಾರು ಯಾವ ಗುಂಪಿಗೆ ಸೇರಬೇಕೆಂಬುದು ಅದೃಷ್ಟಕ್ಕೆ ಬಿಟ್ಟ ಮಾತು. ಹೀಗೆ ಮಾಡುವುದಕ್ಕೆ ಕಾರಣವಿದೆ. ಗಟ್ಟಿಮುಟ್ಟಾದವರೆಲ್ಲ ಒಂದೇ ಗುಂಪಿಗೆ ಸೇರಿಬಿಟ್ಟರೆ, ಬಂದ ಫಲವು ಚಿಕಿತ್ಸೆಯದೋ ರೋಗಿಯ ಶಕ್ತಿಯದೋ ಹೇಳಲಾಗದು. ಮೊದಲ ಗುಂಪಿನ 67 ಮಂದಿಗೆ ಎರಡು ದಿನ ಪೂರ್ಣ ವಿಶ್ರಾಂತಿಯನ್ನು ವಿಧಿಸಲಾಯಿತು. ಎರಡನೆಯ ಗುಂಪಿನ 52 ಮಂದಿಗೆ ಬೆನ್ನನ್ನು ಬಾಗಿಸುವ ವ್ಯಾಯಾಮಗಳನ್ನು ಕಲಿಸಲಾಯಿತು. ಮೂರನೆಯ ಗುಂಪಿನ 67 ಮಂದಿಗೆ ಹೇಳಿದ್ದು ಇಷ್ಟೇ: "ಮಲಗಬೇಡಿ, ನೋವು ಸಹಿಸುವ ಮಟ್ಟಿಗೆ ನಿತ್ಯದ ಕೆಲಸಗಳನ್ನು ಮಾಡಿಕೊಂಡಿರಿ."

ಮೂರು ವಾರಗಳ ಅನಂತರ ಒಮ್ಮೆ, ಹನ್ನೆರಡು ವಾರಗಳ ಅನಂತರ ಮತ್ತೊಮ್ಮೆ ಎಲ್ಲರನ್ನೂ ಪರೀಕ್ಷಿಸಿದರು. ನಿತ್ಯದ ಕೆಲಸಗಳನ್ನು ಬಿಡದೆ ನಡೆಸಿದ ಮೂರನೆಯ ಗುಂಪೇ ಎಲ್ಲರಿಗಿಂತ ಮುಂದಿತ್ತು. ಎಲ್ಲರಿಗಿಂತ ನಿಧಾನವಾಗಿ ಚೇತರಿಸಿಕೊಂಡದ್ದು ಹಾಸಿಗೆಯಲ್ಲಿ ಮಲಗಿದ ಗುಂಪು. 1995ರಲ್ಲಿ ಈ ಫಲಿತಾಂಶವು ಪ್ರಕಟವಾದಾಗ, ತಲೆಮಾರುಗಳ ನಂಬಿಕೆಯ ಬುಡವೇ ಅಲುಗಿತು. ಇದರಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವೂ ಇದೆ. ನೋವು ಹೊಸದಾಗಿರುವಾಗ ವಿಶೇಷ ವ್ಯಾಯಾಮಗಳಿಗಿಂತಲೂ ಸಾಮಾನ್ಯ ಓಡಾಟವೇ ಲೇಸಾಗಿ ಕಂಡಿತು. ಕ್ರಮಬದ್ಧ ವ್ಯಾಯಾಮದ ಪಾತ್ರವು ಮುಖ್ಯವಾಗಿ ಅನಂತರದ್ದು. ಮತ್ತೆ ನೋವು ಬಾರದಂತೆ ತಡೆಯುವುದರಲ್ಲಿ, ಹಳೆಯ ನೋವನ್ನು ಹದಕ್ಕೆ ತರುವುದರಲ್ಲಿ ಅದರ ಪ್ರಯೋಜನ ಕಾಣುತ್ತದೆ.

ಅಲುಗಾಟವು ದೇಹಕ್ಕೆ ಹೇಗೆ ಹಿತವಾಗುತ್ತದೆ ಎಂಬುದನ್ನು ತಿಳಿಯಲು ದೇಹದ ರಚನೆಯನ್ನು ಸ್ವಲ್ಪ ನೋಡಬೇಕು. ಬೆಳೆದ ಮನುಷ್ಯನಲ್ಲಿ 206 ಮೂಳೆಗಳಿವೆ. ಅವುಗಳನ್ನು ಆಡಿಸಲು 600ಕ್ಕಿಂತ ಹೆಚ್ಚು ಸ್ನಾಯುಗಳಿವೆ. ಯಂತ್ರದ ಭಾಗಗಳು ಬಳಸಿದಷ್ಟೂ ಸವೆಯುತ್ತವೆ. ದೇಹದ ಭಾಗಗಳಾದರೋ ಹದವರಿತು ಬಳಸಿದಷ್ಟೂ ಬಲಿಯುತ್ತವೆ. ಇದೇ ಯಂತ್ರಕ್ಕೂ ಜೀವಕ್ಕೂ ಇರುವ ಮುಖ್ಯ ಭೇದ.

ಮೂಳೆಯು ಒಣಗಿದ ಕಟ್ಟಿಗೆಯಂತೆ ಕಂಡರೂ ಅದು ಜೀವಂತ ಅಂಗ. ಅದರೊಳಗೆ ಕೆಲವು ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿರುತ್ತವೆ. ಇನ್ನು ಕೆಲವು ಹೊಸ ಮೂಳೆಯನ್ನು ಕಟ್ಟುತ್ತಿರುತ್ತವೆ. ಎಲ್ಲಿ ಭಾರ ಬೀಳುತ್ತದೆಯೋ ಅಲ್ಲಿ ಕಟ್ಟುವ ಕೆಲಸ ಹೆಚ್ಚುತ್ತದೆ. ಹಾಕಿದ ಹೊರೆಗೆ ತಕ್ಕಂತೆ ಮೂಳೆಯು ತನ್ನನ್ನು ತಾನೇ ರೂಪಿಸಿಕೊಳ್ಳುತ್ತದೆ ಎಂಬ ತತ್ತ್ವವನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ವಿವರಿಸಿದನು. ಎಳೆಯ ವಯಸ್ಸಿನಿಂದ ಟೆನ್ನಿಸ್ ಆಡುವವರಲ್ಲಿ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆಯು ಮತ್ತೊಂದು ತೋಳಿನ ಮೂಳೆಗಿಂತ ದಪ್ಪವಾಗಿರುವುದು ಇದಕ್ಕೆ ಸಾಕ್ಷಿ.

ಹೊರೆಯೇ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಗಗನಯಾತ್ರಿಗಳು ತೋರಿಸಿಕೊಟ್ಟಿದ್ದಾರೆ. ಬಾಹ್ಯಾಕಾಶದಲ್ಲಿ ದೇಹಕ್ಕೆ ತೂಕದ ಅನುಭವವಿಲ್ಲ. ಕಾಲುಗಳಿಗೆ ಹೊರುವ ಕೆಲಸವಿಲ್ಲ. ಆದ್ದರಿಂದ ಅಲ್ಲಿ ದೇಹದ ಭಾರವನ್ನು ಹೊರುವ ಮೂಳೆಗಳು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸಾಂದ್ರತೆಯನ್ನು ಕಳೆದುಕೊಳ್ಳುತ್ತವೆ, ಸ್ನಾಯುಗಳೂ ಸೊರಗುತ್ತವೆ. ಇದನ್ನು ತಡೆಯಲು ಗಗನಯಾತ್ರಿಗಳು ಪ್ರತಿದಿನವೂ ಸುಮಾರು ಎರಡು ಗಂಟೆಗಳ ವ್ಯಾಯಾಮವನ್ನು ತಪ್ಪದೆ ಮಾಡುತ್ತಾರೆ. ಭಾರತದ ಶುಭಾಂಶು ಶುಕ್ಲಾ ಅವರು 2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ನಡೆಸಿದ ಪ್ರಯೋಗಗಳಲ್ಲಿ ಒಂದು, ತೂಕವಿಲ್ಲದ ಸ್ಥಿತಿಯಲ್ಲಿ ಸ್ನಾಯುಕೋಶಗಳ ಬೆಳವಣಿಗೆಯನ್ನು ಕುರಿತದ್ದು. ಅದನ್ನು ರೂಪಿಸಿಕೊಟ್ಟದ್ದು ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನ ಸಂಸ್ಥೆ ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಕೀಲುಗಳ ಕಥೆ ಇನ್ನೂ ಸ್ವಾರಸ್ಯವಾದುದು. ಎರಡು ಮೂಳೆಗಳು ಕೂಡುವಲ್ಲಿ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಈ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದ ಆಹಾರವು ಮುಖ್ಯವಾಗಿ ಕೀಲಿನೊಳಗಿನ ದ್ರವದಿಂದಲೇ ದೊರೆಯಬೇಕು. ನೀರಿನಲ್ಲಿರುವ ಸ್ಪಂಜನ್ನು ಒತ್ತಿದಾಗ ನೀರು ಹೊರಬರುತ್ತದೆ. ಬಿಟ್ಟಾಗ ಹೊಸ ನೀರು ಒಳಸೇರುತ್ತದೆ. ನಡೆಯುವಾಗ ಮಂಡಿಯ ಮೃದ್ವಸ್ಥಿಗೂ ಹೀಗೆಯೇ ಆಗುತ್ತದೆ. ಹೆಜ್ಜೆ ಊರಿದಾಗ ಅದು ಒತ್ತಲ್ಪಡುತ್ತದೆ, ಹೆಜ್ಜೆ ಎತ್ತಿದಾಗ ಹಿಗ್ಗುತ್ತದೆ. ಹಾಗೆ ಹಿಗ್ಗುವಾಗ ದ್ರವವನ್ನು ಹೀರಿಕೊಂಡು ಪುಷ್ಟಿ ಪಡೆಯುತ್ತದೆ. ಕೀಲನ್ನು ಆಡಿಸದಿದ್ದರೆ ಈ ಪೋಷಣೆಯು ಕುಂದುತ್ತದೆ. ಬಳಸದ ಬಾಗಿಲ ತಿರುಗಣಿ ತುಕ್ಕು ಹಿಡಿಯುವಂತೆ ಕೀಲೂ ಬಿಗಿಯುತ್ತದೆ.

ಸ್ನಾಯುಗಳು ಮತ್ತು ಹೃದಯದ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಲಾಯಿತು. ಶ್ರಮಪಡುವಾಗ ಅವರ ದೇಹವು ಬಳಸಬಲ್ಲ ಆಮ್ಲಜನಕದ ಪರಮಾವಧಿಯು ಕಾಲುಭಾಗಕ್ಕಿಂತಲೂ ಹೆಚ್ಚು ಕುಸಿದಿತ್ತು. ಅನಂತರದ ವ್ಯಾಯಾಮದಿಂದ ಅವರು ಶಕ್ತಿಯನ್ನು ಮರಳಿ ಪಡೆದರು. 30 ವರ್ಷಗಳ ಬಳಿಕ ಆ ಐವರನ್ನೇ ಮತ್ತೆ ಪರೀಕ್ಷಿಸಿದಾಗ ಅಚ್ಚರಿಯ ಸಂಗತಿಯೊಂದು ಹೊರಬಿದ್ದಿತು. ಅವರ ದುಡಿಯುವ ಸಾಮರ್ಥ್ಯಕ್ಕೆ 30 ವರ್ಷಗಳ ವಯಸ್ಸು ಮಾಡಿದ ಹಾನಿಗಿಂತ, ತಾರುಣ್ಯದಲ್ಲಿ ಮೂರು ವಾರಗಳ ಹಾಸಿಗೆ ಮಾಡಿದ ಹಾನಿಯೇ ಹೆಚ್ಚಾಗಿತ್ತು!

ಚಲನೆಯನ್ನೇ ಚಿಕಿತ್ಸೆಯಾಗಿ ಬಳಸುವ ವಿದ್ಯೆಗೆ ಭೌತಚಿಕಿತ್ಸೆ ಎಂದು ಹೆಸರು. ಫಿಸಿಯೋಥೆರಪಿ ಎಂಬ ಹೆಸರಿನಿಂದಲೂ ಅದು ಪರಿಚಿತವಾಗಿದೆ. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಎಂಬಾತನು 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಶಿಕ್ಷಣಸಂಸ್ಥೆಯೊಂದನ್ನು ತೆರೆದನು. 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ಅಂಗಮರ್ದನದ ವೃತ್ತಿಗೆ ಗೌರವವನ್ನು ತರಲು ಸಂಘವೊಂದನ್ನು ಕಟ್ಟಿದರು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ಮತ್ತೆ ನಡೆಯುವಂತೆ ಮಾಡುವ ಹೊಣೆಯು ಈ ವಿದ್ಯೆಯ ಮೇಲೆ ಬಿದ್ದಿತು. ಭಾರತದಲ್ಲಿ ಪೋಲಿಯೋ ರೋಗವು ಮಕ್ಕಳ ಕೈಕಾಲುಗಳನ್ನು ಸೆಳೆದುಕೊಳ್ಳುತ್ತಿದ್ದ ಕಾಲದಲ್ಲಿ, 1952ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಭೌತಚಿಕಿತ್ಸೆಯ ಶಾಲೆ ಆರಂಭವಾಯಿತು. 2014ರಲ್ಲಿ ಭಾರತವು ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆದರೆ ಪಾರ್ಶ್ವವಾಯು, ಮೂಳೆಮುರಿತ, ಕೀಲುನೋವು, ಬೆನ್ನುನೋವುಗಳಿಂದ ಬಳಲುವವರಿಗೆ ಭೌತಚಿಕಿತ್ಸಕರ ನೆರವು ಇಂದಿಗೂ ಬೇಕೇ ಬೇಕು.

ಭೌತಚಿಕಿತ್ಸಕರ ಜಾಣ್ಮೆಯೆಲ್ಲ ಹದವನ್ನು ಅರಿಯುವುದರಲ್ಲಿದೆ. ನಾಡಿನ ಗರಡಿಮನೆಗಳಲ್ಲಿ ಹೊಸಬನ ಕೈಗೆ ಮೊದಲ ದಿನವೇ ದೊಡ್ಡ ಗುಂಡನ್ನು ಕೊಡುವುದಿಲ್ಲ. ಚಿಕ್ಕದನ್ನು ಎತ್ತಿ ಪಳಗಿದ ಮೇಲೆ ದೊಡ್ಡದರ ಸರದಿ. ನೊಂದ ಮಂಡಿಗೂ ಸೊಂಟಕ್ಕೂ ಇದೇ ಕ್ರಮ. ಇಂದು ಮನೆಯಂಗಳದಲ್ಲಿ ಐದು ನಿಮಿಷ, ಮುಂದಿನ ವಾರ ಬೀದಿಯ ಕೊನೆಯವರೆಗೆ, ತಿಂಗಳು ಕಳೆದ ಮೇಲೆ ಊರಾಚೆಯ ಕೆರೆಯ ಏರಿಯವರೆಗೆ ನಡಿಗೆ ಬೆಳೆಯಬೇಕು. ವ್ಯಾಯಾಮದಿಂದ ದೇಹವು ಹಗುರವಾಗುತ್ತದೆ, ಕೆಲಸಮಾಡುವ ಶಕ್ತಿ ಹೆಚ್ಚುತ್ತದೆ ಎಂದು ಹೇಳಿದ ಚರಕಸಂಹಿತೆಯು, ಅತಿಯಾದ ವ್ಯಾಯಾಮವು ಕೇಡೆಂದೂ ಎಚ್ಚರಿಸಿದೆ.

ಮುದಿತನದಲ್ಲಿ ಇದೆಲ್ಲ ಸಾಧ್ಯವೇ ಎಂದು ಕೆಲವರು ಶಂಕಿಸಬಹುದು. ಅಮೆರಿಕದ ಬಾಸ್ಟನ್ ನಗರದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ವೈದ್ಯೆ ಮರಿಯಾ ಫಿಯಟರೋನ್ ಮತ್ತು ಅವರ ಸಂಗಡಿಗರು ನಡೆಸಿದ ಪ್ರಯೋಗವು ಇದಕ್ಕೆ ಉತ್ತರ ನೀಡಿತು. ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲ ವೃದ್ಧರು ಎಂಟು ವಾರ ಕಾಲಿನಿಂದ ತೂಕವನ್ನೆತ್ತುವ ಸಾಧನೆಯನ್ನು ಮಾಡಿದರು. ತರಬೇತಿಯನ್ನು ಪೂರೈಸಿದವರ ಕಾಲಿನ ಬಲವು ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲನ್ನೇ ಬಿಟ್ಟು ನಡೆದರು. 1990ರಲ್ಲಿ ಇದು ಪ್ರಕಟವಾಯಿತು. ಮಂಡಿಯ ಕೀಲು ಸವೆದು ನೋಯುತ್ತಿದ್ದ, 60 ವರ್ಷ ಮೀರಿದ 439 ಮಂದಿಯ ಮೇಲೆ ನಡೆದ ಮತ್ತೊಂದು ಅಧ್ಯಯನವು 1997ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಒಂದೂವರೆ ವರ್ಷ ನಡಿಗೆಯನ್ನೋ ತೂಕದ ವ್ಯಾಯಾಮವನ್ನೋ ಮಾಡಿದವರಿಗೆ, ಬರಿಯ ತಿಳಿವಳಿಕೆಯನ್ನು ಪಡೆದವರಿಗಿಂತ, ನೋವು ಕಡಿಮೆಯಾಗಿತ್ತು. ನಡೆದರೆ ಮಂಡಿ ಇನ್ನಷ್ಟು ಸವೆಯುತ್ತದೆಂದು ಹೆದರಿ ಮೂಲೆ ಸೇರುವ ಅಜ್ಜ ಅಜ್ಜಿಯರಿಗೆ ಇದು ಧೈರ್ಯವನ್ನು ಕೊಡುವ ವಾರ್ತೆ.

ಸೊಂಟನೋವಿನ ಮತ್ತೊಂದು ದುರ್ಗುಣವೆಂದರೆ, ಹೋದಂತೆ ಹೋಗಿ ಅದು ಮತ್ತೆ ಮರಳುವುದು. ಇದನ್ನು ತಡೆಯುವುದು ಹೇಗೆಂದು ಆಸ್ಟ್ರೇಲಿಯದ ಭೌತಚಿಕಿತ್ಸಾ ಸಂಶೋಧಕರು ವಿಚಾರಮಾಡಿದರು. ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಆರು ತಿಂಗಳಲ್ಲಿ ಆರು ಬಾರಿ ಭೌತಚಿಕಿತ್ಸಕರ ಸಲಹೆ ದೊರೆಯಿತು. ನಡಿಗೆಯನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ, ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷಗಳವರೆಗೆ ತರುವುದೇ ಅವರ ಗುರಿ. ಮತ್ತೊಂದು ಗುಂಪಿಗೆ ಇಂತಹ ನೆರವಿರಲಿಲ್ಲ. 2024ರಲ್ಲಿ ಫಲಿತಾಂಶವು ಪ್ರಕಟವಾಯಿತು. ನೆರವಿಲ್ಲದ ಗುಂಪಿನಲ್ಲಿ ಅರ್ಧದಷ್ಟು ಮಂದಿಗೆ 112 ದಿನಗಳೊಳಗೆ ನೋವು ಮರಳಿತ್ತು. ನಡಿಗೆಯ ಗುಂಪಿನಲ್ಲಿ ಅದೇ ಸ್ಥಿತಿಗೆ 208 ದಿನಗಳು ಹಿಡಿದವು. ದುಬಾರಿ ಯಂತ್ರವಿಲ್ಲ, ಔಷಧವಿಲ್ಲ. ನಡೆಯಲು ಎರಡು ಕಾಲು, ನಡೆಸಲು ಸರಿಯಾದ ಮಾರ್ಗದರ್ಶನ, ಇಷ್ಟರಿಂದಲೇ ನೆಮ್ಮದಿಯ ದಿನಗಳು ಬಹುಪಾಲು ಇಮ್ಮಡಿಯಾದವು.

ಇಷ್ಟೆಲ್ಲ ತಿಳಿದಿದ್ದರೂ ಜನರು ಏಕೆ ಅಲುಗಾಡಲು ಹಿಂಜರಿಯುತ್ತಾರೆ? ಇದಕ್ಕೆ ಭಯವೇ ಮುಖ್ಯ ಕಾರಣ. ನೋಯುತ್ತಿದೆಯೆಂದರೆ ಒಳಗೆ ಏನೋ ಮುರಿದಿದೆ ಎಂದು ಮನಸ್ಸು ಊಹಿಸುತ್ತದೆ. ನೋವು ದೇಹದ ಕಾವಲುಗಾರನಿದ್ದಂತೆ. ಕಳ್ಳನನ್ನು ಕಂಡಾಗ ಕೂಗುವ ಕಾವಲುಗಾರನು ಕೆಲವೊಮ್ಮೆ ಎಲೆ ಅಲುಗಿದರೂ ಕೂಗುತ್ತಾನೆ. ಬಹುತೇಕ ಸೊಂಟನೋವುಗಳಲ್ಲಿ ಯಾವ ಗಂಭೀರವಾದ ಹಾನಿಯೂ ಇರುವುದಿಲ್ಲ. ಭಯದಿಂದ ಕೈಚೆಲ್ಲಿ ಕುಳಿತವನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯುಗಳು ಸ್ವಲ್ಪ ಕೆಲಸಕ್ಕೇ ನೋಯುತ್ತವೆ. ಆ ನೋವು ಭಯವನ್ನು ಹೆಚ್ಚಿಸುತ್ತದೆ. ಈ ಸುಳಿಯಿಂದ ರೋಗಿಯನ್ನು ಹೊರತರುವ ಮೊದಲ ಮದ್ದು ಭರವಸೆಯ ಮಾತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೀರ್ಘಕಾಲದ ಸೊಂಟನೋವನ್ನು ಕುರಿತು ಹೊರತಂದ ಮಾರ್ಗಸೂಚಿಯಲ್ಲಿ ತಿಳಿವಳಿಕೆಗೂ ವ್ಯಾಯಾಮಕ್ಕೂ ಸ್ಥಾನವಿದೆ. ಸೊಂಟಕ್ಕೆ ಕಟ್ಟುವ ಪಟ್ಟಿಯನ್ನು ವಾಡಿಕೆಯಾಗಿ ಬಳಸಬಾರದೆಂಬ ಸಲಹೆಯೂ ಇದೆ.

ಆದರೆ ಎಲ್ಲ ನೋವನ್ನೂ ಹಗುರವಾಗಿ ಕಾಣುವುದು ವಿವೇಕವಲ್ಲ. ಮರದಿಂದ ಬಿದ್ದಾಗ, ವಾಹನದ ಅಪಘಾತವಾದಾಗ, ನೋವಿನೊಡನೆ ಜ್ವರ ಬಂದಾಗ, ಕಾರಣವಿಲ್ಲದೆ ದೇಹದ ತೂಕ ಇಳಿದಾಗ, ಕಾಲುಗಳು ಜೋಮು ಹಿಡಿದು ಬಲ ಕುಂದಿದಾಗ, ಮಲಮೂತ್ರಗಳ ಹಿಡಿತ ತಪ್ಪಿದಾಗ ತಡಮಾಡದೆ ವೈದ್ಯರನ್ನು ಕಾಣಬೇಕು. ಇಲ್ಲಿ ಬೇಕಾದುದು ನಡಿಗೆಯಲ್ಲ, ತಕ್ಷಣದ ಪರೀಕ್ಷೆ.

ಚಲನೆಯ ಫಲವು ಮೂಳೆ ಕೀಲುಗಳಿಗಷ್ಟೇ ಸೀಮಿತವಲ್ಲ. ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು ಆ ನಗರದ ಎರಡು ಅಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿ 1953ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಪ್ರಸಿದ್ಧ ನಿದರ್ಶನ. ಚಾಲಕನು ದಿನವಿಡೀ ಕುಳಿತೇ ಇರುತ್ತಿದ್ದನು. ನಿರ್ವಾಹಕನು ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದನು. ಬಸ್ಸು ಒಂದೇ, ಬೀದಿಯೂ ಒಂದೇ. ಆದರೆ ಹೃದಯದ ಕಾಯಿಲೆಯು ಚಾಲಕರಿಗಿಂತ ನಿರ್ವಾಹಕರಲ್ಲಿ ಕಡಿಮೆಯಾಗಿತ್ತು. ಬಂದರೂ ಅಷ್ಟು ಮಾರಕವಾಗಿರಲಿಲ್ಲ. ಮಾರಿಸರು ತಾವೂ ಇಳಿವಯಸ್ಸಿನವರೆಗೆ ವ್ಯಾಯಾಮವನ್ನು ಬಿಡದೆ, 2009ರಲ್ಲಿ ತಮ್ಮ 99ನೆಯ ವಯಸ್ಸಿನಲ್ಲಿ ಕಾಲವಾದರು.

ಹೊಲದಲ್ಲಿ ಬೆವರು ಸುರಿಸುವವರಿಗೆ ಈ ಉಪದೇಶವೇಕೆ ಎಂಬ ಪ್ರಶ್ನೆ ಸಹಜವಾದುದು. ದಿನವಿಡೀ ಬಗ್ಗಿ ನಾಟಿ ಹಾಕುವ ಹೆಂಗಸಿಗೂ, ಮೂಟೆ ಹೊರುವ ಹಮಾಲಿಗೂ ಇನ್ನಷ್ಟು ದುಡಿಯಿರಿ ಎನ್ನುವುದು ನ್ಯಾಯವಲ್ಲ. ಒಂದೇ ಭಂಗಿಯಲ್ಲಿ, ಬಿಡುವಿಲ್ಲದೆ, ಶಕ್ತಿಮೀರಿ ಮಾಡುವ ದುಡಿಮೆಯು ದೇಹವನ್ನು ಬಳಲಿಸುತ್ತದೆ. ಅವರಿಗೆ ಬೇಕಾದುದು ನಡುನಡುವೆ ಬಿಡುವು, ಭಂಗಿಯ ಬದಲಾವಣೆ, ಹೊರೆಯನ್ನು ಹಗುರಮಾಡುವ ಸಾಧನ. ಕುಳಿತೇ ಇರುವವನು ಏಳಬೇಕು. ಬಗ್ಗಿಯೇ ಇರುವವಳು ಸ್ವಲ್ಪ ಹೊತ್ತು ಕೂರಬೇಕು. ಹದವೆಂದರೆ ಇದೇ.

ಪ್ರೌಢಶಾಲೆಯ ಮಕ್ಕಳಿಗಂತೂ ಈ ವಿಚಾರವು ಅತ್ಯಂತ ಸಮೀಪದ್ದು. 11ರಿಂದ 17 ವರ್ಷದೊಳಗಿನವರು ದಿನಕ್ಕೆ ಸರಾಸರಿ ಒಂದು ಗಂಟೆಯಾದರೂ ಆಟ, ಓಟ, ನಡಿಗೆಗಳಲ್ಲಿ ತೊಡಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ 146 ದೇಶಗಳ 16 ಲಕ್ಷ ವಿದ್ಯಾರ್ಥಿಗಳ ವಿವರಗಳನ್ನು ಕಲೆಹಾಕಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2016ರಲ್ಲಿ ಈ ವಯಸ್ಸಿನ ನೂರು ಮಂದಿಯಲ್ಲಿ 81 ಮಂದಿ ಅಷ್ಟು ಚಟುವಟಿಕೆಯನ್ನು ಮಾಡುತ್ತಿರಲಿಲ್ಲ. ಹುಡುಗರಲ್ಲಿ ಈ ಪ್ರಮಾಣವು 78, ಹುಡುಗಿಯರಲ್ಲಿ 85. ಆಟದ ಬಯಲು ಹುಡುಗರದು, ಅಡುಗೆಯ ಮನೆ ಹುಡುಗಿಯರದು ಎಂಬ ಹಳೆಯ ಹಂಚಿಕೆಯು ಎಷ್ಟೋ ಹೆಣ್ಣುಮಕ್ಕಳ ಮೂಳೆಗಳಿಗೆ ದೊರೆಯಬೇಕಾದ ಬಲವನ್ನು ಕಸಿಯುತ್ತಿದೆ. ಮುಪ್ಪಿನಲ್ಲಿ ಮೂಳೆ ಟೊಳ್ಳಾಗುವ ಬಾಧೆಯು ಹೆಂಗಸರಿಗೇ ಹೆಚ್ಚಾಗಿರುವುದರಿಂದ ಇದು ಇಮ್ಮಡಿ ಅನ್ಯಾಯ.

ಮನುಷ್ಯನ ಮೂಳೆಯ ಬಲವು ಬಹುಮಟ್ಟಿಗೆ ಇಪ್ಪತ್ತು ವರ್ಷದೊಳಗೆ ಸಂಗ್ರಹವಾಗುತ್ತದೆ. ಸುಗ್ಗಿಯಲ್ಲಿ ತುಂಬಿಟ್ಟ ಕಣಜವು ಮಳೆಗಾಲದಲ್ಲಿ ಮನೆಯನ್ನು ಕಾಯುವಂತೆ, ಬಾಲ್ಯದ ಓಟ, ಜಿಗಿತ, ಕಬಡ್ಡಿ, ಕುಂಟೆಬಿಲ್ಲೆಗಳು ಕೂಡಿಟ್ಟ ಬಲವು ಮುಪ್ಪಿನಲ್ಲಿ ದೇಹವನ್ನು ಕಾಯುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯು ಹಣಕ್ಕೆ ಹೇಗೋ ದೇಹಕ್ಕೂ ಹಾಗೆಯೇ ಸಲ್ಲುತ್ತದೆ.

ಮತ್ತೊಮ್ಮೆ ಮನೆಯಲ್ಲಿ ಹಿರಿಯರೊಬ್ಬರಿಗೆ ಸೊಂಟ ಹಿಡಿದಾಗ ಹಾಸಿಗೆಯನ್ನು ಹಾಸುವ ಮೊದಲು ಸ್ವಲ್ಪ ಯೋಚಿಸಬೇಕು. ಅಪಾಯದ ಗುರುತುಗಳಿಲ್ಲವೆಂದು ಖಚಿತವಾದ ಮೇಲೆ, ಮಕ್ಕಳು ಅವರ ಬಳಿಗೆ ಹೋಗಿ ಕೈನೀಡಿ, "ಅಜ್ಜೀ, ಮೆಲ್ಲಗೆ ಏಳಿ, ಬಾಗಿಲವರೆಗೆ ಹೋಗಿ ಬರೋಣ" ಎನ್ನಬಹುದು. ಆ ಹತ್ತು ಹೆಜ್ಜೆಗಳಲ್ಲಿ ಹೆಲ್ಸಿಂಕಿಯ ಪ್ರಯೋಗದ ಸಾರವೂ ಇದೆ, ಮೊಮ್ಮಕ್ಕಳ ಅಕ್ಕರೆಯೂ ಇದೆ.

ಪದಗಳ ಅರ್ಥ

ಪುಟ್ಟಿ – ಬುಟ್ಟಿ, ಕುಕ್ಕೆ
ಪರಮೌಷಧ – ಶ್ರೇಷ್ಠವಾದ ಮದ್ದು
ಅಂಗಮರ್ದನ – ಮೈಯನ್ನು ತಿಕ್ಕುವುದು, ನೀವುವುದು
ಮೃದ್ವಸ್ಥಿ – ಮೆತ್ತನೆಯ ಮೂಳೆ
ಸಾಂದ್ರತೆ – ಒತ್ತಾಗಿರುವಿಕೆ, ದಟ್ಟತನ
ಪರಮಾವಧಿ – ಕೊನೆಯ ಎಲ್ಲೆ
ಜೋಮು – ಸ್ಪರ್ಶಜ್ಞಾನ ತಪ್ಪಿ ಮರಗಟ್ಟುವುದು
ಕಣಜ – ಧಾನ್ಯವನ್ನು ತುಂಬಿಡುವ ಸ್ಥಳ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಕುರಿತು 1947ರಲ್ಲಿ ಬರೆದ ವೈದ್ಯನು ಯಾರು?
2. ಭಾರತದಲ್ಲಿ ಭೌತಚಿಕಿತ್ಸೆಯ ಶಾಲೆಯು 1952ರಲ್ಲಿ ಎಲ್ಲಿ ಆರಂಭವಾಯಿತು?
3. ಮೃದ್ವಸ್ಥಿಗೆ ಆಹಾರವು ಮುಖ್ಯವಾಗಿ ಯಾವುದರಿಂದ ದೊರೆಯುತ್ತದೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹೆಲ್ಸಿಂಕಿಯ ಪ್ರಯೋಗದಲ್ಲಿ ಗುಂಪುಗಳ ವಿಂಗಡಣೆಯನ್ನು ಅದೃಷ್ಟಕ್ಕೆ ಬಿಟ್ಟುದೇಕೆ?
2. ಭಯವು ನೋವನ್ನು ಹೆಚ್ಚಿಸುವ ಬಗೆ ಹೇಗೆ?
3. ಯಾವ ಯಾವ ಸಂದರ್ಭಗಳಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. 'ದೇಹದ ಭಾಗಗಳು ಹದವರಿತು ಬಳಸಿದಷ್ಟೂ ಬಲಿಯುತ್ತವೆ.' ಈ ಮಾತನ್ನು ಪಾಠದ ನಿದರ್ಶನಗಳಿಂದ ಸಮರ್ಥಿಸಿರಿ.
2. ದುಡಿಮೆಗೂ ವ್ಯಾಯಾಮಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಊರಿನ ಉದಾಹರಣೆಗಳೊಡನೆ ವಿವರಿಸಿರಿ.

ಈ) ಬಿಡಿಸಿ ಬರೆದು ಸಂಧಿಯ ಹೆಸರನ್ನು ತಿಳಿಸಿರಿ.
ಮೃದ್ವಸ್ಥಿ, ಪರಮೌಷಧ, ಪರಮಾವಧಿ, ಮನೆಯಂಗಳ

ಉ) ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಹಾಸಿಗೆ ಹಿಡಿ, ಕೈಚೆಲ್ಲು, ಮೂಲೆ ಸೇರು

ಊ) ಮಾಡಿ ನೋಡಿರಿ.
ನಿಮ್ಮ ಮನೆಯವರೆಲ್ಲರೂ ಒಂದು ದಿನದಲ್ಲಿ ಎಷ್ಟು ಹೊತ್ತು ಕುಳಿತಿರುತ್ತಾರೆ, ಎಷ್ಟು ಹೊತ್ತು ನಡೆಯುತ್ತಾರೆ, ಎಷ್ಟು ಹೊತ್ತು ಬಗ್ಗಿ ಕೆಲಸಮಾಡುತ್ತಾರೆ ಎಂಬುದನ್ನು ಒಂದು ವಾರ ಬರೆದಿಡಿರಿ. ಅದನ್ನು ತರಗತಿಯಲ್ಲಿ ಚರ್ಚಿಸಿರಿ.